ಸಸ್ಟೇನಬಿಲಿಟಿ ಕೆಲಸಕ್ಕೆ ಸೇರಬೇಕೇ? ಕಾರವಾರ, ಶಿರಸಿ ಕಡೆಯಿಂದ ಹೊರಡುವವರಿಗೆ ಒಂದು ದಾರಿ

ಪದವಿಯ ಕೊನೆಯ ಪರೀಕ್ಷೆ ಮುಗಿಯುವ ಹೊತ್ತಿಗೆ ಪ್ರತಿ ವರ್ಷ ಒಂದೇ ಪ್ರಶ್ನೆ ಬರುತ್ತದೆ. ಶಿರಸಿಯ ಅರಣ್ಯ ಕಾಲೇಜಿನಲ್ಲಿ ಓದಿದವರು ಕೇಳುತ್ತಾರೆ. ಕಾರವಾರದ ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರ ಮಾಡಿದವರು ಕೇಳುತ್ತಾರೆ. ಮಾಜಾಳಿಯ ಇಂಜಿನಿಯರಿಂಗ್ ಕಾಲೇಜಿನವರು, ಬಿಕಾಂ ಮುಗಿಸಿದವರು ಕೂಡ ಕೇಳುತ್ತಾರೆ. "ಕಂಪನಿಗಳಲ್ಲಿ ಸಸ್ಟೇನಬಿಲಿಟಿ ಅಂತ ಒಂದು ವಿಭಾಗ ಇರುತ್ತದಂತೆ. ಅಲ್ಲಿ ಕೆಲಸ ಸಿಗೋದು ಹೇಗೆ?" ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವಾಗ ಏನಾದರೂ ಬಿಟ್ಟುಹೋಗುತ್ತದೆ. ಅದಕ್ಕೇ ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ.

ಸಸ್ಟೇನಬಿಲಿಟಿ ಅಂದರೆ ಸುಸ್ಥಿರತೆ. ಕಂಪನಿಯ ಮಟ್ಟಿಗೆ ಅದರ ಅರ್ಥ ಸರಳ. ಎಷ್ಟು ಕರೆಂಟು, ನೀರು, ಎಣ್ಣೆ ಬಳಸುತ್ತೇವೆ? ಎಷ್ಟು ಹೊಗೆ, ಕೊಳಚೆ, ಕಸ ಹೊರಗೆ ಬಿಡುತ್ತೇವೆ? ಕೆಲಸಗಾರರನ್ನೂ ಅಕ್ಕಪಕ್ಕದ ಊರಿನವರನ್ನೂ ಹೇಗೆ ನಡೆಸಿಕೊಳ್ಳುತ್ತೇವೆ? ಇದನ್ನು ಅಳೆಯುವುದು, ಸರಿಪಡಿಸುವುದು, ವರದಿ ಮಾಡುವುದು. ಇಎಸ್‌ಜಿ ಅನ್ನುವ ಮಾತೂ ಇದೇ ಸಂತೆಯದ್ದು: ಪರಿಸರ, ಸಮಾಜ, ಆಡಳಿತ ಅನ್ನುವ ಮೂರು ಪದಗಳ ಇಂಗ್ಲಿಷ್ ಮೊದಲಕ್ಷರಗಳು.

ಶುರು ಮಾಡುವ ಮುನ್ನ ಒಂದು ಮಾತನ್ನು ನೇರವಾಗಿ ಹೇಳಬೇಕು. ನಮ್ಮ ಜಿಲ್ಲೆಯ ಮಕ್ಕಳು ಈ ಕೆಲಸಕ್ಕೆ ಪ್ರೀತಿಯಿಂದ ಬರುತ್ತಾರೆ. 1983ರಲ್ಲಿ ಸಾಲ್ಕಣಿಯಲ್ಲಿ ಶುರುವಾದ ಅಪ್ಪಿಕೋ ಚಳವಳಿಯ ಕಥೆ ಕೇಳಿ ಬೆಳೆದವರು ನೀವು. ಅಘನಾಶಿನಿಯ ಅಳಿವೆಯಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುವವರನ್ನು ಕಂಡವರು. ಆ ಪ್ರೀತಿ ಬೇಕು, ಅದನ್ನು ಬಿಡಬೇಡಿ. ಆದರೆ ಮೊದಲ ಎರಡು ವರ್ಷ ನೀವು ಮಾಡುವುದು ಕಾಡಿನ ಕೆಲಸ ಅಲ್ಲ. ಕರೆಂಟ್ ಬಿಲ್ಲು, ಡೀಸೆಲ್ ರಸೀದಿ, ಹಾಜರಿ ಪುಸ್ತಕ ಕೂಡಿಸುವ ಕೆಲಸ. ಇದು ಗೊತ್ತಿಲ್ಲದೆ ಸೇರಿದವರು ಆರು ತಿಂಗಳಲ್ಲಿ ಬೇಸತ್ತು ಬಿಡುತ್ತಾರೆ. ಗೊತ್ತಿದ್ದು ಸೇರಿದವರು ನಿಲ್ಲುತ್ತಾರೆ. ಕಂಪನಿಯೊಳಗೆ ಏನಾದರೂ ಬದಲಾಯಿಸುವುದಕ್ಕೆ ಸಾಧ್ಯವಾಗುವುದೂ ಆ ಅಂಕಿಗಳು ಕೈಯಲ್ಲಿದ್ದಾಗ ಮಾತ್ರ.

ಹಂತ 1: ಈ ಕೆಲಸ ಎಲ್ಲಿಂದ ಹುಟ್ಟಿತು, ತಿಳಿದುಕೊಳ್ಳಿ

ಕಂಪನಿಗಳಿಗೆ ಇದ್ದಕ್ಕಿದ್ದಂತೆ ಪರಿಸರದ ಮೇಲೆ ಪ್ರೀತಿ ಹುಟ್ಟಿತು ಅಂತಲ್ಲ. ಕೆಲಸಗಳು ಜಾಸ್ತಿ ಹುಟ್ಟಿದ್ದು ನಿಯಮದಿಂದ. ಷೇರುಪೇಟೆಯ ಕಾವಲುಗಾರ ಸೆಬಿ 2021ರಲ್ಲಿ ಬಿಆರ್‌ಎಸ್‌ಆರ್ ಅನ್ನುವ ವರದಿಯ ನಮೂನೆ ತಂದಿತು. ಕಂಪನಿ ಜವಾಬ್ದಾರಿಯಿಂದ ನಡೆದುಕೊಳ್ಳುತ್ತಿದೆಯೇ ಅಂತ ಪ್ರತಿ ವರ್ಷ ಅಂಕಿ ಸಮೇತ ಹೇಳುವ ವರದಿ ಇದು. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನದಲ್ಲಿರುವ ಕಂಪನಿಗಳಿಗೆ 2022-23ರ ಆರ್ಥಿಕ ವರ್ಷದಿಂದ ಕಡ್ಡಾಯ. 2023ರಲ್ಲಿ ಬಿಆರ್‌ಎಸ್‌ಆರ್ ಕೋರ್ ಬಂತು. ಅದರಲ್ಲಿ ಕೆಲವು ಮುಖ್ಯ ಅಂಕಿಗಳನ್ನು ಹೊರಗಿನವರು ಬಂದು ಪರಿಶೀಲಿಸಬೇಕು. ಮೊದಲ 150 ಕಂಪನಿಗಳಿಂದ ಶುರುವಾಗಿ ಹಂತಹಂತವಾಗಿ 1,000 ಕಂಪನಿಗಳಿಗೆ ಹಬ್ಬುವ ವ್ಯವಸ್ಥೆ ಇದು.

ಇದರ ಜೊತೆ ರಫ್ತಿನ ಒತ್ತಡ ಇದೆ. ಯುರೋಪಿನ ಗಡಿ ಇಂಗಾಲ ತೆರಿಗೆಯ ಹೆಸರು ಸಿಬಿಎಎಂ. ಉಕ್ಕು, ಅಲ್ಯೂಮಿನಿಯಂ, ಸಿಮೆಂಟು, ಗೊಬ್ಬರ ಮುಂತಾದವನ್ನು ಅಲ್ಲಿಗೆ ಕಳಿಸುವವರು ಅದನ್ನು ತಯಾರಿಸುವಾಗ ಎಷ್ಟು ಇಂಗಾಲ ಹೊರಬಿತ್ತು ಅಂತ ಹೇಳಬೇಕು. 2023ರ ಅಕ್ಟೋಬರಿನಿಂದ ಲೆಕ್ಕ ಕೊಡುವುದು ಶುರುವಾಯಿತು, 2026ರಿಂದ ಹಣದ ಹೊರೆಯೂ ಸೇರಿದೆ.

ಇಲ್ಲಿ ತುಂಬ ಜನ ಎಡವುವುದು ಸಿಎಸ್‌ಆರ್ ವಿಷಯದಲ್ಲಿ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಸರಾಸರಿಯ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಶಾಲೆಗೆ ಬೆಂಚು, ಊರಿಗೆ ನೀರಿನ ಟ್ಯಾಂಕು, ಇದು ಸಿಎಸ್‌ಆರ್. ಲಾಭ ಬಂದ ಮೇಲೆ ಏನು ಕೊಟ್ಟಿರಿ ಅನ್ನುವುದು ಅಲ್ಲಿನ ಪ್ರಶ್ನೆ. ಆ ಲಾಭ ಗಳಿಸಿದ್ದು ಹೇಗೆ ಅನ್ನುವುದು ಸಸ್ಟೇನಬಿಲಿಟಿಯ ಪ್ರಶ್ನೆ. ಸಂದರ್ಶನದಲ್ಲಿ ಎರಡನ್ನೂ ಕಲಸಿ ಮಾತಾಡಿದರೆ ಅಲ್ಲಿಗೇ ಮುಗಿಯಿತು.

ಹಂತ 2: ನಿಮ್ಮ ಬಾಗಿಲು ಯಾವುದು ನೋಡಿಕೊಳ್ಳಿ

'ಸಸ್ಟೇನಬಿಲಿಟಿ ಮ್ಯಾನೇಜರ್' ಅನ್ನುವ ಹುದ್ದೆಗೆ ಹೊಸಬರನ್ನು ತೆಗೆದುಕೊಳ್ಳುವುದು ಅಪರೂಪ. ಕಂಪನಿಯ ಮುಖ್ಯ ಕಚೇರಿಯಲ್ಲಿ ಈ ತಂಡ ಚಿಕ್ಕದು. ಎಷ್ಟೋ ಕಡೆ ಮೂರು ನಾಲ್ಕು ಜನ. ಹಾಗಾಗಿ ಮುಂಬಾಗಿಲು ತಟ್ಟುತ್ತಾ ನಿಲ್ಲುವುದಕ್ಕಿಂತ ಪಕ್ಕದ ಬಾಗಿಲಿನಿಂದ ಒಳಗೆ ಹೋಗುವುದು ಮೇಲು.

ಇಂಜಿನಿಯರಿಂಗ್, ಕೆಮಿಸ್ಟ್ರಿ, ಪರಿಸರ ವಿಜ್ಞಾನ ಓದಿದವರಿಗೆ ಇಎಚ್‌ಎಸ್ ಬಾಗಿಲು ಇದೆ. ಪರಿಸರ, ಆರೋಗ್ಯ, ಸುರಕ್ಷತೆ ನೋಡಿಕೊಳ್ಳುವ ಕಾರ್ಖಾನೆಯ ವಿಭಾಗ ಅದು. ನನ್ನನ್ನು ಕೇಳಿದರೆ ಇದೇ ಅತ್ಯುತ್ತಮ ಬಾಗಿಲು. ಬಾಯ್ಲರ್ ಎಲ್ಲಿದೆ, ಕೊಳಚೆ ನೀರು ಶುದ್ಧ ಮಾಡುವ ಘಟಕ ಹೇಗೆ ನಡೆಯುತ್ತದೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪತ್ರದಲ್ಲಿ ಏನೇನು ಷರತ್ತು ಇದೆ ಅಂತ ಕಣ್ಣಾರೆ ಕಂಡವರಿಗೆ ಮುಂದೆ ಯಾರೂ ಸುಳ್ಳು ಅಂಕಿ ಕೊಡಲಾಗದು.

ಬಿಕಾಂ, ಸಿಎ ಅರ್ಧಕ್ಕೆ ನಿಲ್ಲಿಸಿದವರು ದಯವಿಟ್ಟು ಹಿಂಜರಿಯಬೇಡಿ. ವರದಿಯ ಅಂಕಿಗಳನ್ನು ಪರಿಶೀಲಿಸುವ ಕೆಲಸ ಅಡಿಟ್ ಇದ್ದ ಹಾಗೇ ಇರುತ್ತದೆ. ಅರಣ್ಯ ಮತ್ತು ಜೀವಶಾಸ್ತ್ರದವರಿಗೆ ಜೀವವೈವಿಧ್ಯದ ಅಧ್ಯಯನ, ಪರಿಸರ ಪರಿಣಾಮ ವರದಿ ಮಾಡುವ ಸಲಹಾ ಸಂಸ್ಥೆಗಳು ಇವೆ. ಸಮಾಜಕಾರ್ಯ ಓದಿದವರು ಸಿಎಸ್‌ಆರ್‌ನಿಂದ ಶುರು ಮಾಡಬಹುದು, ಆದರೆ ಅಲ್ಲಿಂದ ಈ ಕಡೆ ದಾಟಲು ಅಂಕಿಗಳನ್ನು ಕಲಿಯಲೇಬೇಕು.

ಹಂತ 3: ಲೆಕ್ಕ ಕಲಿಯಿರಿ

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಕೆಲಸದ ಜೀವ ಇರುವುದು ಇಲ್ಲೇ.

ಜಿಎಚ್‌ಜಿ ಪ್ರೋಟೋಕಾಲ್ ಅಂತ ಒಂದು ಜಾಗತಿಕ ನಿಯಮಾವಳಿ ಇದೆ. ಬಿಸಿ ಏರಿಸುವ ಅನಿಲಗಳ ಲೆಕ್ಕ ಹೇಗೆ ಹಾಕಬೇಕು ಅಂತ ಹೇಳುತ್ತದೆ. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಅದು ಲೆಕ್ಕವನ್ನು ಮೂರು ಭಾಗ ಮಾಡುತ್ತದೆ. ನಿಮ್ಮ ಕಾರ್ಖಾನೆಯಲ್ಲೇ ಸುಟ್ಟ ಇಂಧನ, ಸೋರಿದ ಅನಿಲ ಸ್ಕೋಪ್ 1. ಕೊಂಡ ಕರೆಂಟು ಸ್ಕೋಪ್ 2. ಉಳಿದಿದ್ದೆಲ್ಲ, ಅಂದರೆ ಕಚ್ಚಾ ಮಾಲು, ಲಾರಿ ಬಾಡಿಗೆ, ಗ್ರಾಹಕ ಬಳಸುವಾಗ ಆಗುವುದು, ಎಲ್ಲ ಸ್ಕೋಪ್ 3.

ಬೈತಖೋಲದ ಮೀನುಗಾರಿಕೆ ಬಂದರಿನ ಹತ್ತಿರ ಒಂದು ಮೀನು ಶೀತಲೀಕರಣ ಘಟಕ ಇದೆ ಅಂತ ಇಟ್ಟುಕೊಳ್ಳಿ. ತಿಂಗಳಿಗೆ 1,20,000 ಯೂನಿಟ್ ಕರೆಂಟು ಉರಿಸುತ್ತದೆ. ನಮ್ಮ ದೇಶದ ಗ್ರಿಡ್ಡಿನಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್. ಈ ಅಂಕಿಯನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರಕಟಿಸುತ್ತದೆ, ವರ್ಷದಿಂದ ವರ್ಷಕ್ಕೆ ಸ್ವಲ್ಪ ಬದಲಾಗುತ್ತದೆ. ಗುಣಿಸಿದರೆ 84 ಟನ್. ಜನರೇಟರಿಗೆ 2,000 ಲೀಟರ್ ಡೀಸೆಲ್. ಲೀಟರಿಗೆ ಸುಮಾರು 2.7 ಕೆಜಿ. 5.4 ಟನ್.

ಈಗ ಯಾರೂ ನೋಡದ ಮೂಲೆಗೆ ಬನ್ನಿ. ಶೀತಲ ಕೋಣೆಯನ್ನು ತಂಪು ಮಾಡುವ ಯಂತ್ರದಲ್ಲಿ ಆರ್-404ಎ ಅನ್ನುವ ಅನಿಲ ತುಂಬಿದ್ದಾರೆ. ಆ ತಿಂಗಳು ಮೆಕ್ಯಾನಿಕ್ ಬಂದು 10 ಕೆಜಿ ಮರುಪೂರಣ ಮಾಡಿ ಹೋದ. ಅಂದರೆ 10 ಕೆಜಿ ಸೋರಿದೆ ಅಂತ ಅರ್ಥ, ಅಲ್ವಾ? ಆ ಅನಿಲ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 3,900 ಪಟ್ಟು ಬಿಸಿ ಹಿಡಿಯುತ್ತದೆ. 10 ಕೆಜಿ ಅಂದರೆ 39 ಟನ್. ಸುಮಾರು 14,500 ಲೀಟರ್ ಡೀಸೆಲ್ ಸುಟ್ಟಷ್ಟು! ಮೆಕ್ಯಾನಿಕ್‌ನ ರಸೀದಿ ಮಾತ್ರ ರಿಪೇರಿ ಖರ್ಚಿನ ಫೈಲಿನಲ್ಲಿ ಎಲ್ಲೋ ಕೂತಿರುತ್ತದೆ. ಅದನ್ನು ಹುಡುಕಿ ತೆಗೆಯುವವರೇ ಒಳ್ಳೆಯ ಸಸ್ಟೇನಬಿಲಿಟಿ ಕೆಲಸಗಾರರು. ಅದೇ ಅಮೋನಿಯಾ ಬಳಸುವ ಐಸ್ ಪ್ಲಾಂಟ್ ಆದರೆ ಈ ಲೆಕ್ಕ ಸೊನ್ನೆ. ಆದರೆ ಅಮೋನಿಯಾ ಸೋರಿದರೆ ಕೆಲಸಗಾರರ ಜೀವಕ್ಕೇ ಕುತ್ತು. ಒಂದು ಕಡೆ ಹಗುರವಾದದ್ದು ಇನ್ನೊಂದು ಕಡೆ ಭಾರವಾಗುತ್ತದೆ. ಈ ಕೆಲಸದಲ್ಲಿ ದಿನಾ ಇಂಥದ್ದೇ.

ಎಚ್ಚರಿಕೆ ಇಲ್ಲಿ ಬೇಕು. ದೊಡ್ಡ ಸಂಪರ್ಕದ ವಿದ್ಯುತ್ ಮೀಟರಿಗೆ ಒಂದು ಗುಣಕ ಇರುತ್ತದೆ. ಹಿಂದಿನ ತಿಂಗಳಿಗೂ ಈ ತಿಂಗಳಿಗೂ ಮೀಟರಿನ ವ್ಯತ್ಯಾಸ 600 ಅಂತ ತೋರಿಸಿದರೆ, ಗುಣಕ 200 ಇದ್ದರೆ, ನಿಜವಾದ ಬಳಕೆ 1,20,000 ಯೂನಿಟ್. ನಾನು ಮೊದಲ ವರ್ಷ ಒಂದು ಕಾರ್ಖಾನೆಯಲ್ಲಿ ಬಿಲ್ಲು ನೋಡದೆ ಇಲೆಕ್ಟ್ರಿಷಿಯನ್ ಬರೆದಿಟ್ಟ ಪುಸ್ತಕದಿಂದ ನೇರ 600 ಅಂತ ತೆಗೆದುಕೊಂಡಿದ್ದೆ. ಮೂರು ತಿಂಗಳ ಲೆಕ್ಕ ಪೂರ್ತಿ ತಪ್ಪಾಯಿತು. ಅಂದಿನಿಂದ ಹೆಸ್ಕಾಂ ಬಿಲ್ಲನ್ನು ಕೈಯಲ್ಲಿ ಹಿಡಿಯದೆ ಕರೆಂಟಿನ ಅಂಕಿ ಬರೆಯುವುದಿಲ್ಲ. ಇನ್ನೊಂದು: ಡೀಸೆಲ್ ಕೊಂಡದ್ದು ಬೇರೆ, ಸುಟ್ಟದ್ದು ಬೇರೆ. ಟ್ಯಾಂಕಿನಲ್ಲಿ ಉಳಿದದ್ದನ್ನು ಕಳೆಯಿರಿ.

ಎಕ್ಸೆಲ್ ಚೆನ್ನಾಗಿ ಬರಬೇಕು. ಬೇರೆ ಯಾವ ಸಾಫ್ಟ್‌ವೇರಿಗೂ ಮೊದಲು ಅದು.

ಹಂತ 4: ಎರಡು ವರದಿ ಪೂರ್ತಿ ಓದಿ

ಬಿಣಗಾದಲ್ಲಿ ಘಟಕ ಇರುವ ಗ್ರಾಸಿಮ್, ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್, ಇಬ್ಬರೂ ಷೇರುಪೇಟೆಯ ಕಂಪನಿಗಳು. ಇವುಗಳ ವಾರ್ಷಿಕ ವರದಿಯನ್ನು, ಅದರೊಳಗಿನ ಬಿಆರ್‌ಎಸ್‌ಆರ್ ಸಮೇತ, ಯಾರು ಬೇಕಾದರೂ ಇಳಿಸಿಕೊಂಡು ಓದಬಹುದು. ನಿಮಗೆ ಗೊತ್ತಿರುವ ಊರಿನ ಕಂಪನಿಯ ವರದಿ ಓದುವುದಕ್ಕೂ ಗುಜರಾತಿನ ಯಾವುದೋ ಕಂಪನಿಯದ್ದು ಓದುವುದಕ್ಕೂ ತುಂಬ ವ್ಯತ್ಯಾಸ ಇದೆ. ಕಾಗದ ಮಾಡಲು ನೀರು ಎಷ್ಟು ಬೇಕು ಅಂತ ಅಂಕಿ ನೋಡುವಾಗ ಕಾಳಿ ನದಿ ಕಣ್ಣ ಮುಂದೆ ಬರುತ್ತದೆ.

ಬಿಆರ್‌ಎಸ್‌ಆರ್‌ನಲ್ಲಿ 9 ತತ್ವಗಳಿವೆ. 6ನೆಯದು ಪರಿಸರ. ಎಲ್ಲರೂ ಅದನ್ನೇ ಮೊದಲು ತೆರೆಯುತ್ತಾರೆ. ನೀವು 8ನೆಯದನ್ನೂ ಓದಿ. ಯೋಜನೆಯಿಂದ ಮನೆ ಕಳೆದುಕೊಂಡವರ ಪುನರ್ವಸತಿ ನಡೆಯುತ್ತಿದೆಯೇ, ಊರಿನವರ ದೂರು ಕೇಳುವ ವ್ಯವಸ್ಥೆ ಏನು ಅಂತ ಅಲ್ಲಿ ಪ್ರಶ್ನೆಗಳಿವೆ. ಎಷ್ಟೋ ವರದಿಗಳಲ್ಲಿ ಒಂದೆರಡು ಸಾಲಿನಲ್ಲಿ ಮುಗಿದುಹೋಗುವ ಜಾಗ ಅದು. ಕಾಳಿಯ ಅಣೆಕಟ್ಟುಗಳು, ಕೈಗಾ, ಸೀಬರ್ಡ್ ನೌಕಾನೆಲೆ ಕಂಡ ಜಿಲ್ಲೆಯವರು ನಾವು. ನಿರಾಶ್ರಿತರು ಅನ್ನುವ ಪದ ನಮ್ಮಲ್ಲಿ ಎಷ್ಟೋ ಮನೆಗಳ ಸ್ವಂತ ಅನುಭವ. ಆ ಖಾಲಿ ಸಾಲನ್ನು ನೀವು ಓದುವ ರೀತಿಯೇ ಬೇರೆ ಇರುತ್ತದೆ. ಅದು ನಿಮ್ಮ ನಿಜವಾದ ಬಲ, ಸಂದರ್ಶನದಲ್ಲಿ ಧೈರ್ಯವಾಗಿ ಹೇಳಿ.

ಓದುವಾಗ ಹಿಂದಿನ ವರ್ಷದ ಅಂಕಿ ಪಕ್ಕದಲ್ಲಿಟ್ಟು ನೋಡಿ. ಯಾವುದು ಜಾಸ್ತಿ ಏರಿಳಿತ ಆಗಿದೆ, ಅದಕ್ಕೆ ಕಾರಣ ಕೊಟ್ಟಿದ್ದಾರೆಯೇ ಅಂತ ಗುರುತು ಹಾಕಿ.

ಹಂತ 5: ಊರಲ್ಲೇ ಒಂದು ಲೆಕ್ಕ ಮಾಡಿ ತೋರಿಸಿ

ಸರ್ಟಿಫಿಕೇಟಿಗಿಂತ ಇದು ಹೆಚ್ಚು ಕೆಲಸ ಮಾಡುತ್ತದೆ. ನಿಮ್ಮ ಕಾಲೇಜು, ಒಂದು ಐಸ್ ಪ್ಲಾಂಟ್, ಗೇರುಬೀಜದ ಕಾರ್ಖಾನೆ, ಗೋಕರ್ಣದ ಒಂದು ಹೋಮ್‌ಸ್ಟೇ, ಶಿರಸಿಯ ಅಡಿಕೆ ಸಂಸ್ಕರಣೆ ಘಟಕ, ಯಾವುದಾದರೂ ಒಂದು ಸಾಕು. 12 ತಿಂಗಳ ಬಿಲ್ಲು ಕೇಳಿ ತೆಗೆದುಕೊಂಡು ಲೆಕ್ಕ ಹಾಕಿ, ನಾಲ್ಕು ಪುಟದ ವರದಿ ಬರೆಯಿರಿ.

ಅಡಿಕೆಯದ್ದೇ ತೆಗೆದುಕೊಳ್ಳಿ. ಚಾಲಿ (ಬಿಳಿ ಅಡಿಕೆ) ಮಾಡುವವರು ಬಿಸಿಲಿಗೆ ಒಣಗಿಸುತ್ತಾರೆ, ಇಂಧನ ಲೆಕ್ಕ ಹೆಚ್ಚೇನಿಲ್ಲ. ಕೆಂಪಡಿಕೆಗೆ ಬೇಯಿಸಬೇಕು, ಒಲೆಗೆ ಸೌದೆ ಬೇಕು. ಸೌದೆಯ ಹೊಗೆಯ ಲೆಕ್ಕದಲ್ಲಿ ಎಲ್ಲ ಹೊಸಬರೂ ಜಾರುತ್ತಾರೆ. ಜಿಎಚ್‌ಜಿ ಪ್ರೋಟೋಕಾಲ್ ಪ್ರಕಾರ ಮರ ಸುಟ್ಟು ಬರುವ ಇಂಗಾಲದ ಡೈಆಕ್ಸೈಡನ್ನು ಸ್ಕೋಪ್ 1ರ ಒಳಗೆ ಸೇರಿಸದೆ ಬೇರೆಯಾಗಿ ತೋರಿಸಬೇಕು. ಆದರೆ ಅದೇ ಒಲೆಯಿಂದ ಬರುವ ಮೀಥೇನ್ ಮತ್ತು ನೈಟ್ರಸ್ ಆಕ್ಸೈಡ್ ಸ್ಕೋಪ್ 1ಕ್ಕೆ ಸೇರುತ್ತದೆ. ಈ ಒಂದು ವಿಷಯ ಸರಿಯಾಗಿ ಬರೆದಿದ್ದರೆ ಓದುವವರಿಗೆ ನಿಮ್ಮ ತಯಾರಿ ತಕ್ಷಣ ಗೊತ್ತಾಗುತ್ತದೆ. ಸೌದೆ ಎಲ್ಲಿಂದ ಬಂತು, ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟದಿಂದಲೋ ಡಿಪೋದಿಂದಲೋ, ಅದನ್ನೂ ಒಂದು ಸಾಲು ಬರೆಯಿರಿ.

ಬಿಲ್ಲು ಕೇಳಲು ಹೋದಾಗ ಮಾಲೀಕರು ಅನುಮಾನ ಪಡುತ್ತಾರೆ. ಅದು ಸಹಜ. ತೆರಿಗೆಯವರೋ ಮಾಲಿನ್ಯ ಮಂಡಳಿಯವರೋ ಕಳಿಸಿದ್ದಾರೆ ಅಂದುಕೊಳ್ಳಬಹುದು. ಕಾಲೇಜಿನಿಂದ ಒಂದು ಪತ್ರ ತೆಗೆದುಕೊಂಡು ಹೋಗಿ. ಘಟಕದ ಹೆಸರು ಬರೆಯುವುದಿಲ್ಲ ಅಂತ ಮಾತು ಕೊಡಿ, ಕೊಟ್ಟ ಮಾತು ಉಳಿಸಿಕೊಳ್ಳಿ. ಕೊನೆಗೆ ಕರೆಂಟು ಉಳಿಸುವ ಎರಡು ದಾರಿ ಅವರಿಗೆ ಹೇಳಿ ಬನ್ನಿ. ಸುಮ್ನೆ ಅಂಕಿ ತೆಗೆದುಕೊಂಡು ಬರಬೇಡಿ.

ಹಂತ 6: ಕೋರ್ಸಿಗೆ ದುಡ್ಡು ಹಾಕುವ ಮುನ್ನ

ಇಲ್ಲಿ ತುಂಬ ಮನೆಗಳ ಹಣ ಪೋಲಾಗುತ್ತಿದೆ, ಅದಕ್ಕೆ ಗಟ್ಟಿಯಾಗಿ ಹೇಳುತ್ತೇನೆ. ಎರಡು ವಾರಾಂತ್ಯದ ಆನ್‌ಲೈನ್ ಕೋರ್ಸು, ಐವತ್ತು ಸಾವಿರ ಫೀಸು, 'ನೂರಕ್ಕೆ ನೂರು ಕೆಲಸ ಗ್ಯಾರಂಟಿ' ಅಂದರೆ ಆ ಕಡೆ ತಿರುಗಿಯೂ ನೋಡಬೇಡಿ. ಇಂಟರ್ನ್‌ಶಿಪ್ಪಿಗೆ ನೀವೇ ದುಡ್ಡು ಕೊಡಿ ಅನ್ನುವವರನ್ನೂ ದೂರ ಇಡಿ.

ಶುರುವಿಗೆ ಸರ್ಕಾರದ ಆನ್‌ಲೈನ್ ಕಲಿಕೆಯ ತಾಣಗಳಾದ ಸ್ವಯಂ ಮತ್ತು ಎನ್‌ಪಿಟಿಇಎಲ್‌ನ ಪುಕ್ಕಟೆ ಪಾಠಗಳು ಸಾಕು. ಸರ್ಟಿಫಿಕೇಟು ಬೇಕಾದರೆ ಪರೀಕ್ಷೆಗೆ ಮಾತ್ರ ಸಣ್ಣ ಶುಲ್ಕ. ಜಿಆರ್‌ಐ ಅನ್ನುವ ಜಾಗತಿಕ ವರದಿ ಮಾನದಂಡವೂ ಪುಕ್ಕಟೆ ಓದಲು ಸಿಗುತ್ತದೆ. ಕಾರ್ಖಾನೆ ಕಡೆ ಹೋಗುವವರಿಗೆ ಐಎಸ್‌ಒ 14001 ಅಡಿಟರ್ ತರಬೇತಿ ಉಪಯೋಗಕ್ಕೆ ಬರುತ್ತದೆ. ಪರಿಸರ ನಿರ್ವಹಣೆ ವ್ಯವಸ್ಥೆ ಹೇಗಿರಬೇಕು ಅಂತ ಹೇಳುವ ಮಾನದಂಡ ಅದು. ಆದರೆ ಕೆಲಸಕ್ಕೆ ಸೇರಿದ ಮೇಲೆ ಕಂಪನಿಯೇ ಕಳಿಸುವುದುಂಟು, ಕಾಯಿರಿ. ಇಂಧನ ದಕ್ಷತಾ ಬ್ಯೂರೋದ ಎನರ್ಜಿ ಅಡಿಟರ್ ಪರೀಕ್ಷೆಗೆ ತುಂಬ ಬೆಲೆ ಇದೆ, ಆದರೆ ಅದಕ್ಕೆ ಪದವಿಯ ಮೇಲೆ ಕೆಲಸದ ಅನುಭವವೂ ಬೇಕು. ಸ್ನಾತಕೋತ್ತರ ಓದುವ ಮನಸ್ಸಿದ್ದರೆ ಭೋಪಾಲದ ಭಾರತೀಯ ಅರಣ್ಯ ನಿರ್ವಹಣಾ ಸಂಸ್ಥೆ, ದೆಹಲಿಯ ಟೆರಿ ಸ್ಕೂಲ್ ನೋಡಬಹುದು. ಮನೆ ಅಡ ಇಟ್ಟು ವಿದೇಶಕ್ಕೆ ಹೋಗುವ ಮುನ್ನ ಎರಡು ವರ್ಷ ಇಲ್ಲಿ ಕೆಲಸ ಮಾಡಿ ನೋಡಿ.

ಹಂತ 7: ಅರ್ಜಿ ಎಲ್ಲಿಗೆ ಹಾಕಬೇಕು

ಊರಲ್ಲೇ ಇದ್ದು ಈ ಕೆಲಸ ಮಾಡುವುದು ಕಷ್ಟ. ಜಿಲ್ಲೆಯಲ್ಲಿ ದೊಡ್ಡ ಕಾರ್ಖಾನೆಗಳೇ ಕಡಿಮೆ. ಕೈಗಾ ಮತ್ತು ಕಾಳಿಯ ಜಲವಿದ್ಯುತ್ ಕೇಂದ್ರಗಳು ಸರ್ಕಾರಿ ಸಂಸ್ಥೆಗಳ ಕೈಯಲ್ಲಿವೆ, ಅವುಗಳ ನೇಮಕಾತಿಯ ದಾರಿ ಬೇರೆ.

ಕಾರವಾರದವರು ಮೊದಲು ಗೋವಾ ಕಡೆ ನೋಡಿ. ವೆರ್ಣಾ ಕೈಗಾರಿಕಾ ಪ್ರದೇಶದಲ್ಲಿ ಔಷಧ ಕಂಪನಿಗಳು ತುಂಬ ಇವೆ, ಇಎಚ್‌ಎಸ್ ಕೆಲಸಗಳು ಇರುತ್ತವೆ. ಮಡಗಾಂವ್‌ಗೆ ರೈಲಿದೆ. ಕೊಂಕಣಿ ಬಂದರೆ ಇನ್ನೂ ಅನುಕೂಲ. ಶಿರಸಿ, ಹಳಿಯಾಳ ಕಡೆಯವರಿಗೆ ಹುಬ್ಬಳ್ಳಿ-ಧಾರವಾಡ ಹತ್ತಿರ. ಮಂಗಳೂರಿನಲ್ಲಿ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರ, ಬಳ್ಳಾರಿ ಕಡೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಇಂಥ ಜಾಗದಲ್ಲಿ ಎರಡು ವರ್ಷ ಕಳೆದರೆ ಹತ್ತು ಕೋರ್ಸಿಗೆ ಸಮ. ವರದಿ ಮತ್ತು ಸಲಹೆಯ ಕೆಲಸ ಹೆಚ್ಚಾಗಿ ಬೆಂಗಳೂರಿನಲ್ಲಿ.

ಶುರುವಿನ ಸಂಬಳವನ್ನು ಸಾಫ್ಟ್‌ವೇರಿನವರ ಸಂಬಳಕ್ಕೆ ಹೋಲಿಸಬೇಡಿ, ನೊಂದುಕೊಳ್ಳುತ್ತೀರಿ. ಎಷ್ಟೋ ಹುದ್ದೆ ಗುತ್ತಿಗೆಯವು. ಸೇರುವ ಮುನ್ನ ಪತ್ರದಲ್ಲಿ ಯಾರ ಹೆಸರಿದೆ, ಕಂಪನಿಯದ್ದೋ ಏಜೆನ್ಸಿಯದ್ದೋ ಅಂತ ನೋಡಿ.

ಅರ್ಜಿಯಲ್ಲಿ 'ಪರಿಸರ ಪ್ರೇಮಿ' ಅಂತ ಬರೆಯುವ ಬದಲು 'ಒಂದು ಘಟಕದ 12 ತಿಂಗಳ ಸ್ಕೋಪ್ 1 ಮತ್ತು 2 ಲೆಕ್ಕ ಮಾಡಿದ್ದೇನೆ' ಅಂತ ಬರೆಯಿರಿ. ಹಂತ 5ರ ವರದಿ ಜೊತೆಗೆ ಲಗತ್ತಿಸಿ.

ಹಂತ 8: ಸೇರಿದ ಮೇಲೆ

ನಿಮಗೆ ಅಧಿಕಾರ ಇರುವುದಿಲ್ಲ. ಅಂಕಿ ಕೊಡಬೇಕಾದವರು ಬೇರೆ ವಿಭಾಗದವರು, ಅವರಿಗೆ ಅವರದ್ದೇ ಗಡಿಬಿಡಿ. ಇಮೇಲ್ ಮೇಲೆ ಇಮೇಲ್ ಹಾಕಿದರೆ ಯಾರೂ ಕೊಡರು. ಬಾಯ್ಲರ್ ಹತ್ತಿರ ಹೋಗಿ, ಆಪರೇಟರ್ ಜೊತೆ ಅವರ ಭಾಷೆಯಲ್ಲಿ ಮಾತಾಡಿ, ಅವರು ಬರೆಯುವ ಪುಸ್ತಕ ನೋಡಿ. ಕನ್ನಡ, ಕೊಂಕಣಿ, ಸ್ವಲ್ಪ ಹಿಂದಿ ಬರುವ ನಮ್ಮ ಕಡೆಯವರು ಇಲ್ಲಿ ಗೆಲ್ಲುತ್ತಾರೆ. ಗುತ್ತಿಗೆ ಕೆಲಸಗಾರರ ಕಷ್ಟ ವರದಿಗೆ ಬರುವುದು ಅವರು ಬಾಯಿ ಬಿಟ್ಟಾಗ. ಬಾಯಿ ಬಿಡುವುದು ನಂಬಿಕೆ ಬಂದಾಗ.

ಒಂದು ದಿನ ಯಾರಾದರೂ "ಈ ಅಂಕಿ ಸ್ವಲ್ಪ ಕಡಿಮೆ ಮಾಡಿ" ಅನ್ನಬಹುದು. ಜಗಳ ಬೇಡ. ಮೂಲ ಬಿಲ್ಲಿನ ಪ್ರತಿ ಇಟ್ಟುಕೊಂಡು, ಬದಲಾವಣೆಗೆ ಕಾರಣವನ್ನು ಇಮೇಲಿನಲ್ಲಿ ಕಳಿಸಿ ಅಂತ ಕೇಳಿ. ಹೊರಗಿನ ಪರಿಶೀಲಕರು ನಾಳೆ ಇದೇ ಬಿಲ್ಲು ಕೇಳುತ್ತಾರೆ ಅಂತ ಶಾಂತವಾಗಿ ಹೇಳಿ. ಹೆಚ್ಚಿನ ಸಲ ಮಾತು ಅಲ್ಲಿಗೇ ನಿಲ್ಲುತ್ತದೆ. ನಿಲ್ಲದಿದ್ದರೆ ನಿಮ್ಮ ಹೆಸರಿನಲ್ಲಿ ಆ ಅಂಕಿ ಹೋಗಬಾರದು. ಜಾಹೀರಾತಿನಲ್ಲಿ ಆಧಾರವಿಲ್ಲದೆ 'ಪರಿಸರ ಸ್ನೇಹಿ' ಅಂತ ಹಾಕುವುದರ ವಿರುದ್ಧ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರಲ್ಲಿ ಮಾರ್ಗಸೂಚಿ ತಂದಿದೆ. ಮಾರ್ಕೆಟಿಂಗ್‌ನವರು ಬಂದಾಗ ಅದನ್ನು ಮುಂದಿಡಿ.

ನಿಯಮಗಳು ಹಿಂದಕ್ಕೂ ಸರಿಯುತ್ತವೆ. 2025ರಲ್ಲಿ ಯುರೋಪ್ ತನ್ನ ವರದಿ ನಿಯಮಗಳನ್ನು ಸಡಿಲಿಸಲು ಹೊರಟಿತು. ಸೆಬಿಯೂ ಸರಬರಾಜುದಾರರ ವಿವರ ಕೊಡುವ ಭಾಗವನ್ನು ಮುಂದೂಡಿ ಐಚ್ಛಿಕ ಮಾಡಿತು. ಇಂಥ ಸಮಯದಲ್ಲಿ ಬರೀ ವರದಿ ಬರೆಯುವವರ ಕೆಲಸ ಮೊದಲು ಅಲುಗಾಡುತ್ತದೆ. ಕರೆಂಟು, ನೀರು, ಸುರಕ್ಷತೆ ಗೊತ್ತಿದ್ದವರು ಉಳಿಯುತ್ತಾರೆ. ಇಎಚ್‌ಎಸ್ ಬಾಗಿಲನ್ನು ನಾನು ಅಷ್ಟು ಹೇಳಿದ್ದು ಇದಕ್ಕೇ.

ಇನ್ನೊಂದು ವಿಷಯವನ್ನು ಸೇರುವ ಮೊದಲೇ ಮನೆಯಲ್ಲಿ ಕೂತು ಯೋಚಿಸಿ. ನಿಮ್ಮ ಕಂಪನಿಯ ಯೋಜನೆ ನಾಳೆ ನಮ್ಮ ಕರಾವಳಿಗೇ ಬರಬಹುದು. ಅಘನಾಶಿನಿ ಅಳಿವೆ 2024ರಲ್ಲಿ ರಾಮ್‌ಸಾರ್ ಪಟ್ಟಿ ಸೇರಿದೆ. ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ. ಅಲ್ಲಿ ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಯಲ್ಲಿ, ಕಗ್ಗ ಭತ್ತ ಬೆಳೆಯುವವರು, ಬಳಚು ಹೆಕ್ಕುವವರು ಸಭೆಯಲ್ಲಿ ಎದುರಿಗೆ ಕೂತಿರುತ್ತಾರೆ. ನೀವು ಕಂಪನಿಯ ಕಡೆಯ ಕುರ್ಚಿಯಲ್ಲಿ. ಆಗ ಯಾವ ಅಂಕಿಯನ್ನು ಮುಚ್ಚಿಡದೆ ಹೇಳುತ್ತೀರಿ, ಯಾವ ಹಂತದಲ್ಲಿ ಎದ್ದು ಹೊರಗೆ ಬರುತ್ತೀರಿ ಅಂತ ಒಂದು ಹಾಳೆಯಲ್ಲಿ ಈಗಲೇ ಬರೆದಿಡಿ. ಕೆಲಸದ ಪತ್ರ ಇಟ್ಟ ಫೈಲಿನಲ್ಲೇ ಆ ಹಾಳೆಯೂ ಇರಲಿ.